ಹಾಡಿಗೆ ಹಾಡೇ ಉತ್ತರ

ವಿಜಯಪುರ ಸೀಮೆಯವರಿಗೆ ಗೀಗೀ ಮೇಳ ಹೊಸತಲ್ಲ. ನಗರದಲ್ಲಾಗಲಿ, ತಿಕೋಟಾ, ಬಬಲೇಶ್ವರಗಳ ಕಡೆಯ ಹಳ್ಳಿಗಳಲ್ಲಾಗಲಿ, ಎರಡು ಮೇಳಗಳು ಎದುರುಬದುರಾಗಿ ಹಾಡುತ್ತವೆಂದರೆ ಕೇಳುವವರಿಗೆ ನಿದ್ದೆಯ ನೆನಪಾಗದು. ಅಮೆರಿಕದ ನಗರಗಳಲ್ಲಿ ಹುಟ್ಟಿ ಈಗ ನಮ್ಮ ತರುಣರನ್ನೂ ಸೆಳೆದಿರುವ ರ‍್ಯಾಪ್ ಕಾಳಗವನ್ನು ನೀವು ಕೇಳಿರಬಹುದು. ಎದುರಾಳಿಯನ್ನು ಮಾತಿನ ಪ್ರಾಸದಲ್ಲಿ ಕಟ್ಟಿಹಾಕುವ ಆ ಆಟದ ಹಿರಿಯಕ್ಕನೊಬ್ಬಳು ನಮ್ಮಲ್ಲಿಯೇ ಇದ್ದಾಳೆ. ಅವಳ ಹೆಸರು ಹರದೇಶಿ–ನಾಗೇಶಿ.

ಹರದೇಶಿಯವರದು ಶಿವನ ಪಕ್ಷ, ಗಂಡು ಹೆಚ್ಚೆಂಬ ವಾದ. ನಾಗೇಶಿಯವರದು ಶಕ್ತಿಯ ಪಕ್ಷ, ಹೆಣ್ಣು ಹೆಚ್ಚೆಂಬ ವಾದ. ಮುಂಡಾಸಿನ ಆಭರಣಗಳ ಹೆಸರಿನಿಂದ ಇವರನ್ನು ತುರಾಯಿ, ಕಲ್ಗಿ ಎಂದೂ ಕರೆಯುವುದುಂಟು. ಗಡಿಯಾಚೆ ಮರಾಠಿಯಲ್ಲಿಯೂ ಈ ಎರಡು ಪಂಗಡಗಳಿವೆ. ಮುಂದೆ ನಿಂತವರ ಕೈಯಲ್ಲಿ ದಪ್ಪು. ಹಿಂದೆ ತುಂತುಣಿ, ತಾಳ, ಮತ್ತು 'ಗೀ ಗೀ' ಎಂದು ದನಿಗೂಡಿಸುವ ಹಿಮ್ಮೇಳ.

ಈ ಕಾಳಗದಲ್ಲಿ ಗೆಲ್ಲುವುದು ಹೇಗೆ? ಬರಿಯ ಏರುದನಿಯಿಂದಲ್ಲ, ಬೈಗಳಿಂದ ಮೊದಲೇ ಅಲ್ಲ. ಒಂದು ಉದಾಹರಣೆ ನೋಡೋಣ. ಬೀಜವಿಲ್ಲದೆ ಹೊಲ ಬೆಳೆ ಕೊಟ್ಟೀತೇ ಎಂದು ಹರದೇಶಿಯವರು ಸವಾಲು ಹಾಕಿದರೆನ್ನಿ. ಹೊಲವೇ ಇಲ್ಲದಿದ್ದರೆ ಬೀಜವನ್ನು ಬಂಡೆಯ ಮೇಲೆ ಬಿತ್ತುವಿರಾ ಎಂದು ನಾಗೇಶಿಯವರು ಕೇಳಬೇಕು. ಅಷ್ಟಕ್ಕೇ ನಿಲ್ಲದೆ, 'ಶಿವ' ಎಂಬ ಮಾತಿನ ಗುಡಿಸನ್ನು ತೆಗೆದರೆ ಉಳಿಯುವುದು 'ಶವ'; ಆ ಗುಡಿಸೇ ನಮ್ಮ ಶಕ್ತಿ ಎಂಬ ಹಳೆಯ ವಾದವನ್ನು ಮುಂದಿಡಬೇಕು. ಎದುರಾಳಿಯ ಹೋಲಿಕೆಯನ್ನೇ ಹಿಡಿದು ಅವನತ್ತ ತಿರುಗಿಸುವುದು ಇಲ್ಲಿಯ ಜಾಣ್ಮೆ. ಅದಕ್ಕೆ ಪುರಾಣ ಬಾಯಲ್ಲಿರಬೇಕು, ಪ್ರಾಸ ನಾಲಗೆಯ ತುದಿಯಲ್ಲಿರಬೇಕು, ದಪ್ಪಿನ ಪೆಟ್ಟು ತಪ್ಪಬಾರದು. ಉತ್ತರ ಸರಿಯಾಗಿದ್ದು ತಾಳ ಕೆಟ್ಟರೂ ಸೋಲೇ. ತಾಳ ಸರಿಯಾಗಿದ್ದು ಉತ್ತರ ತಪ್ಪಿದರೂ ಸೋಲೇ.

ತೀರ್ಪು ಹೇಳುವವರು ಕುಳಿತ ಜನ. ಓದು ಬರಹ ಬಾರದವರೂ ಅವರಲ್ಲಿ ಉಂಟು. ಆದರೆ ಸವಾಲಿಗೆ ಉತ್ತರ ಬಂದಿತೋ, ಮಾತು ಬೇರೆ ದಾರಿ ಹಿಡಿಯಿತೋ ಎಂಬುದು ಅವರಿಗೆ ಕೂಡಲೇ ತಿಳಿಯುತ್ತದೆ.

ಈ ವಿದ್ಯೆಯ ಬೆಲೆಯನ್ನು ಇದೇ ಜಿಲ್ಲೆಯ ಹಲಸಂಗಿಯ ಗೆಳೆಯರು ಬೇಗನೆ ಅರಿತರು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರ ಆ ಬಳಗ 1931ರಲ್ಲಿ 'ಗರತಿಯ ಹಾಡು', 1933ರಲ್ಲಿ ಲಾವಣಿಗಳ 'ಜೀವನ ಸಂಗೀತ' ಸಂಕಲನಗಳನ್ನು ಹೊರತಂದಿತು. ಅದೇ ಊರಿನ ಖಾಜಾಭಾಯಿ ಹೆಸರಾಂತ ಲಾವಣಿಕಾರ.

ಆದರೆ ಪುಸ್ತಕಕ್ಕೆ ಸಿಕ್ಕದ ಒಂದು ಸಂಗತಿ ಉಂಟು. ಮನೆಯಲ್ಲಿ ಗಂಡಸಿನ ಮಾತಿಗೆ ಎದುರಾಡದೆ ಬೆಳೆದ ಹೆಣ್ಣುಮಗಳು ಅಟ್ಟದ ಮೇಲೆ ನಿಂತು, ದಪ್ಪು ಬಾರಿಸುತ್ತ, ಊರ ಗಂಡಸರೆಲ್ಲರ ಮುಂದೆ ಹೆಣ್ಣೇ ಹೆಚ್ಚೆಂದು ವಾದಿಸುತ್ತಾಳೆ. ಅವಳನ್ನು ಗದರಿಸಿ ಸುಮ್ಮನಿರಿಸುವಂತಿಲ್ಲ. ಹಾಡಿನಲ್ಲಿಯೇ ಉತ್ತರ ಕೊಡಬೇಕು. ಈ ಒಂದು ಕಟ್ಟಳೆಗಾಗಿಯಾದರೂ ಈ ಕಲೆ ಉಳಿಯಬೇಕು.

ರೇಡಿಯೋದಲ್ಲಿ ಗೀಗೀ ಪದ ಬಂದಾಗ ನಮಗೆ ಸಾಮಾನ್ಯವಾಗಿ ದೊರೆಯುವುದು ಒಂದೇ ಮೇಳದ ದನಿ. ಆಗ ಎದುರಿನ ಮೇಳವನ್ನು ನೀವೇ ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳಿರಿ. ಹಾಕಿದ ಸವಾಲನ್ನು ಹಿಡಿಯಿರಿ, ನಿಮ್ಮ ಉತ್ತರ ಹುಡುಕಿರಿ. ಹಾಡಿನ ರುಚಿ ಆಗ ಇಮ್ಮಡಿಯಾಗುತ್ತದೆ.