ಹೋಗುವ ಹೊತ್ತು, ಬರುವ ಹೊತ್ತು

ಕುಮಟಾ ತಾಲೂಕಿನ ಸಂತೆಗುಳಿಯಿಂದ ಬಜ್ಪೆಯ ವಿಮಾನ ನಿಲ್ದಾಣ ರಸ್ತೆಯಲ್ಲಿ ಸುಮಾರು 200 ಕಿ.ಮೀ. ಹೊನ್ನಾವರ, ಭಟ್ಕಳ, ಕುಂದಾಪುರ ದಾಟಿ ಮುಟ್ಟುವಷ್ಟರಲ್ಲಿ ನಾಲ್ಕೈದು ಗಂಟೆ ಕಳೆದಿರುತ್ತದೆ. ಅಲ್ಲಿಂದ ದುಬೈಗೆ ಸುಮಾರು 2,460 ಕಿ.ಮೀ. ವಿಮಾನ ಅದಕ್ಕಿಂತ ಕಡಿಮೆ ಹೊತ್ತಿನಲ್ಲಿ ಅರಬ್ಬಿ ಸಮುದ್ರವನ್ನೇ ದಾಟಿಸಿಬಿಡುತ್ತದೆ.

ಗಲ್ಫ್‌ನಲ್ಲಿ ದುಡಿಯುವವರಿರುವ ಭಟ್ಕಳದ ಮನೆಗಳಿಗೆ ಟಿಕೆಟ್ಟಿನ ಲೆಕ್ಕ ಹೊಸತಲ್ಲ. ಬೆಳಿಗ್ಗೆ 9ಕ್ಕೆ ಹೊರಟು ದುಬೈಯಲ್ಲಿ 11ಕ್ಕೆ ಇಳಿದರೆ ಪ್ರಯಾಣ ಎರಡು ಗಂಟೆಯದಲ್ಲ, ಮೂರೂವರೆ ಗಂಟೆಯದು. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಆದರೆ ಗಡಿಯಾರದ ಈ ಆಟವನ್ನು ಕಳೆದ ಮೇಲೂ ಹೋಗುವ ಹೊತ್ತಿಗೂ ಬರುವ ಹೊತ್ತಿಗೂ ವ್ಯತ್ಯಾಸ ಉಳಿಯುತ್ತದೆ. ಅದು ಗಾಳಿಯ ಕೆಲಸ.

ಅಘನಾಶಿನಿಯ ಅಳಿವೆಯಲ್ಲಿ ದೋಣಿ ಹುಟ್ಟುಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಇಳಿತದ ಜೊತೆ ಸಾಗಿದರೆ ಒಂದು ಹೊತ್ತು, ಎದುರಾದರೆ ಇನ್ನೊಂದು. ವಿಮಾನ ಗಂಟೆಗೆ 850 ಕಿ.ಮೀ. ಹಾರುತ್ತದೆ ಎಂದರೆ ಅದು ಸುತ್ತಲಿನ ಗಾಳಿಯ ಲೆಕ್ಕದಲ್ಲಿ. ಆ ಗಾಳಿಯೇ 100 ಕಿ.ಮೀ. ವೇಗದಲ್ಲಿ ಎದುರು ಬೀಸುತ್ತಿದ್ದರೆ ನೆಲದ ಲೆಕ್ಕಕ್ಕೆ ಸಿಗುವುದು 750, ಬೆನ್ನಿಗಿದ್ದರೆ 950. ದುಬೈಯ ದೂರಕ್ಕೆ ಇದರಿಂದ 40 ನಿಮಿಷದ ಅಂತರ ಬೀಳುತ್ತದೆ. ಹೋಗಿ ಬಂದರೆ ಸರಿಹೋಯಿತಲ್ಲ ಎನ್ನುವಂತಿಲ್ಲ. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಸಿಕ್ಕಿಕೊಂಡಿರುತ್ತೇವೆ, ಬೆನ್ನುಗಾಳಿಯ ಲಾಭ ಬೇಗ ಮುಗಿಯುತ್ತದೆ. ಎರಡೂ ಸೇರಿ ಐದು ನಿಮಿಷ ನಷ್ಟವೇ.

ಚಳಿಗಾಲದಲ್ಲಿ ಉತ್ತರ ಭಾರತ ಮತ್ತು ಅರೇಬಿಯಾದ ಮೇಲೆ, ವಿಮಾನಗಳು ಹಾರುವ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಗಾಳಿ ಹರಿಯುತ್ತದೆ. ಮಳೆಗಾಲದಲ್ಲಿ ಅದು ಹಿಮಾಲಯದ ಆಚೆ ಸರಿಯುತ್ತದೆ. ದಕ್ಷಿಣ ಭಾರತದ ಮೇಲೆ, ಇನ್ನೂ ಎತ್ತರದಲ್ಲಿ, ತದ್ವಿರುದ್ಧ ದಿಕ್ಕಿನ ಜೆಟ್ ಏಳುತ್ತದೆ. ಇದನ್ನು 1950ರ ದಶಕದಲ್ಲಿ ವಿವರಿಸಿದವರು ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ.

ದೂರ ಹೆಚ್ಚಿದಷ್ಟೂ ಗಾಳಿಯ ಮಾತೇ ನಡೆಯುತ್ತದೆ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಕಳಿಸಿತು. ದಾರಿ ಸಾವಿರಕ್ಕೂ ಹೆಚ್ಚು ಕಿ.ಮೀ. ಉದ್ದವಾಯಿತು, 15,300 ಕಿ.ಮೀ. ಮುಟ್ಟಿತು. ಆದರೂ ಬೆನ್ನುಗಾಳಿ ಹಿಡಿದ ವಿಮಾನ ಹದಿನಾಲ್ಕೂವರೆ ಗಂಟೆಯಲ್ಲಿ, ಮೊದಲಿಗಿಂತ ಎಷ್ಟೋ ಮುಂಚೆ, ತಲುಪಿತು. ಉದ್ದ ದಾರಿಗೆ ಇಂಧನವೂ ಕಡಿಮೆ ಸಾಕಾಗುವುದು ನನಗೆ ಈಗಲೂ ಸೋಜಿಗವೇ.

ಗಾಳಿಯಷ್ಟೇ ಅಲ್ಲ, ಭೂಮಿ ದುಂಡಗಿರುವುದೂ ದಾರಿಯ ಲೆಕ್ಕ ಬದಲಿಸುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಗೋಡೆಯ ನಕ್ಷೆಯಲ್ಲಿ ಪೂರ್ವಕ್ಕೆ ಗೆರೆ ಎಳೆದು ಅದೇ ಗೆರೆಯ ಮೇಲೆ ಹಾರಿದರೆ 16,000 ಕಿ.ಮೀ. ಮೀರುತ್ತದೆ. ಶಾಲೆಯ ಗೋಳದ ಮೇಲೆ ದಾರ ಬಿಗಿದು ನೋಡಿ: ಅದು ಸೈಬೀರಿಯಾದ ಉತ್ತರದಂಚಿನವರೆಗೆ ಏರಿ ಅಲಾಸ್ಕಾ ಕಡೆಗೆ ಇಳಿಯುತ್ತದೆ, ಉದ್ದ 14,000 ಕಿ.ಮೀ. 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಹೊರಟ ಮೊದಲ ನೇರ ವಿಮಾನ ಆ ದಾರದ ಗೆರೆಯನ್ನೂ ಹಿಡಿಯಲಿಲ್ಲ. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು ಅದನ್ನು ಉತ್ತರ ಧ್ರುವದ ಮೇಲೆಯೇ ಹಾಯಿಸಿ, 17 ಗಂಟೆಗೂ ಹೆಚ್ಚು ಹಾರಿ, 11ರ ನಸುಕಿನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿಸಿದರು.