ಸಾಕುಹಾವಿಗೆ ಬಿಸಿಲಿನ ಬದಲು ದೀಪ

ಕಾತ್ರಜದ ಸರ್ಪೋದ್ಯಾನವನ್ನು ನೋಡದ ಪುಣೆಯ ಕನ್ನಡಿಗರು ವಿರಳ. 1980ರಲ್ಲಿ 72 ವಿಷಸರ್ಪಗಳೊಡನೆ 72 ಗಂಟೆ ಕಳೆದು ಖ್ಯಾತರಾದ ನೀಲಿಮ್‌ಕುಮಾರ್ ಖೈರೆಯವರ ಪ್ರಯತ್ನದಿಂದ 1986ರಲ್ಲಿ ಆರಂಭವಾದ ಈ ಉದ್ಯಾನವು ಇಂದು ರಾಜೀವ್ ಗಾಂಧಿ ಪ್ರಾಣಿಸಂಗ್ರಹಾಲಯದ ಅಂಗವಾಗಿದೆ. ಅಲ್ಲಿಂದ ಹಿಂದಿರುಗಿದ ಮಕ್ಕಳು ಮನೆಯಲ್ಲಿಯೂ ಹಾವು ಸಾಕಬೇಕೆಂದು ಹಟ ಹಿಡಿಯುವುದುಂಟು.

ನಾಗರ, ಕೇರೆ, ಹೆಬ್ಬಾವು ಮೊದಲಾದ ನಮ್ಮ ನಾಡಿನ ಹಾವುಗಳನ್ನು ಮನೆಯಲ್ಲಿರಿಸಿಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಬಾಲ್ ಪೈಥಾನ್‌ನಂತಹ ವಿದೇಶೀ ಹಾವನ್ನು ಸಾಕುವವರು 2024ರ ನಿಯಮಗಳಂತೆ ಅದನ್ನು ನೋಂದಾಯಿಸಬೇಕು. ಹೀಗೆ ಕಾನೂನುಬದ್ಧವಾಗಿ ಸಾಕಿದವರಿಗೂ ಒಂದು ಪ್ರಶ್ನೆ ಉಳಿಯುತ್ತದೆ: ಬಿಸಿಲು ಕಾಣದ ಪೆಟ್ಟಿಗೆಯೊಳಗಿನ ಜೀವಿಗೆ ಎಂತಹ ಬೆಳಕು ಬೇಕು?

ಸೂರ್ಯಪ್ರಕಾಶದಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿವೆ. ಅವುಗಳಲ್ಲಿ 280ರಿಂದ 315 ನ್ಯಾನೊಮೀಟರ್ ತರಂಗಾಂತರದವು ‘ಬಿ’ ವರ್ಗದವು. ಇವು ತಾಗಿದಾಗ ಚರ್ಮದಲ್ಲಿ ‘ಡಿ’ ಜೀವಸತ್ವ ಉತ್ಪತ್ತಿಯಾಗುತ್ತದೆ. ಆಹಾರದಲ್ಲಿನ ಸುಣ್ಣದಂಶವನ್ನು ಹೀರಿಕೊಂಡು ಎಲುಬು ಗಟ್ಟಿಯಾಗಲು ಇದು ಅವಶ್ಯಕ. ಇಲಿಯನ್ನು ಇಡಿಯಾಗಿ ನುಂಗುವ ಹಾವಿಗೆ ಆಹಾರದಿಂದಲೂ ಈ ಜೀವಸತ್ವ ದೊರೆಯುತ್ತದೆ. ಪ್ರಯೋಗಗಳಲ್ಲಿ ಇಂತಹ ದೀಪದಿಂದ ಕಾರ್ನ್ ಸ್ನೇಕ್‌ನ ರಕ್ತದಲ್ಲಿ ಅದರ ಪ್ರಮಾಣ ಏರಿತು. ಬಾಲ್ ಪೈಥಾನ್‌ನಲ್ಲಿ ಏರಲಿಲ್ಲ. ಆದುದರಿಂದ ದೀಪವು ಹಾವಿಗೆ ಹಿತವಾಗಬಹುದು. ಆದರೆ ಮಿತಿಮೀರಿದರೆ ಕೇಡು ತಪ್ಪದು.

ಹಾವಿಗೆ ರೆಪ್ಪೆಗಳಿಲ್ಲ, ಕಣ್ಣಿನ ಮೇಲಿರುವುದು ಒಂದು ಪಾರದರ್ಶಕ ಹುರುಪೆ ಮಾತ್ರ. ಕಾಡಿನ ಹಾವು ಬಿಸಿಲು ಸಾಕೆನಿಸಿದೊಡನೆ ಬಿಲ ಸೇರುತ್ತದೆ. ಪೆಟ್ಟಿಗೆಯ ಹಾವಿಗೆ ಆ ಬಿಲವನ್ನು ಸಾಕಿದವರೇ ಒದಗಿಸಬೇಕು. ದೀಪವನ್ನು ಪೆಟ್ಟಿಗೆಯ ಒಂದು ಪಾರ್ಶ್ವದ ಮೇಲ್ಗಡೆ ಅಳವಡಿಸಿ, ಇನ್ನೊಂದು ಪಾರ್ಶ್ವದಲ್ಲಿ ನೆರಳನ್ನೂ ಅಡಗುತಾಣವನ್ನೂ ಉಳಿಸಬೇಕು. ಹಾವು ದೀಪವನ್ನು ಮುಟ್ಟಿ ಸುಟ್ಟುಕೊಳ್ಳದಂತೆ ನಡುವೆ ತಂತಿಬಲೆ ಇರಲಿ. ಗಾಜು ಬೇಡ, ಏಕೆಂದರೆ ಸಾಧಾರಣ ಗಾಜು ‘ಬಿ’ ಕಿರಣಗಳನ್ನು ತಡೆಯುತ್ತದೆ.

ದೀಪ ಹತ್ತಿರವಾದಷ್ಟೂ ಕಿರಣ ತೀವ್ರ. ನೆರಳನ್ನು ಬಯಸುವ ಹಾವುಗಳಿಗೆ ಅತಿನೇರಳೆ ಸೂಚ್ಯಂಕ 0.7ರೊಳಗಿದ್ದರೆ ಸಾಕು, ಪುಣೆಯ ಬೇಸಿಗೆಯ ನಡುಹಗಲಿನಲ್ಲಿ ಅದು 10ನ್ನು ಮೀರುತ್ತದೆಂಬುದನ್ನು ನೆನೆದರೆ ಈ ಮಿತಿ ಎಷ್ಟು ಕಿರಿದೆಂಬುದು ವೇದ್ಯವಾಗುತ್ತದೆ. ಸೂಚ್ಯಂಕವನ್ನು ಮಾಪಕದಿಂದ ಅಳೆಯುವುದು ಲೇಸು; ಇಲ್ಲದಿದ್ದರೆ ತಯಾರಕರು ಸೂಚಿಸಿದ ಅಂತರವನ್ನಾದರೂ ಪಾಲಿಸಬೇಕು. ಬಣ್ಣಗೆಟ್ಟ ಬಿಳಿಯ ಹಾವುಗಳಿಗೆ ಇನ್ನೂ ಕಡಿಮೆ ಸಾಕು. ಹಗಲು ಸುಮಾರು 12 ಗಂಟೆ ಬೆಳಕು, ರಾತ್ರಿ ಪೂರ್ಣ ಕತ್ತಲೆ ಇರಲಿ. ದೀಪ ಉರಿಯುತ್ತಿದ್ದರೂ ಅದರ ‘ಬಿ’ ಕಿರಣ ಕ್ರಮೇಣ ಕುಂದುವುದರಿಂದ ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ರೋಗಾಣುಗಳನ್ನು ಕೊಲ್ಲುವ ‘ಸಿ’ ಕಿರಣದ ದೀಪವನ್ನಂತೂ ಎಂದಿಗೂ ಬಳಸಕೂಡದು. ಅದು ಹಾವಿನ ಕಣ್ಣಿಗೂ ಮನುಷ್ಯನ ಕಣ್ಣಿಗೂ ಅಪಾಯಕಾರಿ.

ಪೊರೆ ಬಿಡುವ ಮುನ್ನ ಹಾವಿನ ಕಣ್ಣು ಮಬ್ಬಾಗುವುದು ಸಹಜ. ಪೊರೆ ಕಳಚಿದ ಮೇಲೂ ಮಬ್ಬು ಉಳಿದರೆ, ಅಥವಾ ಹೊಸ ದೀಪ ಹಾಕಿದಂದಿನಿಂದ ಹಾವು ಆಹಾರ ಬಿಟ್ಟು ಅಡಗಿಯೇ ಇದ್ದರೆ, ದೀಪವನ್ನು ಆರಿಸಿ ಪಶುವೈದ್ಯರನ್ನು ಕಾಣತಕ್ಕದ್ದು.

ಗಾಜಿನ ಈ ಗುಣ ನಮಗೂ ಒಂದು ಪಾಠ. ಮುಚ್ಚಿದ ಕಿಟಕಿಯ ಬಳಿ ಕುಳಿತರೆ ಮೈ ಬೆಚ್ಚಗಾದೀತೇ ಹೊರತು ‘ಡಿ’ ಜೀವಸತ್ವ ದೊರೆಯದು. ಹಾವಿಗೆ ದೀಪ ಹೊಂದಿಸುವ ಮನೆಯವರು, ಫ್ಲಾಟಿನೊಳಗೇ ಇರುವ ಅಜ್ಜ-ಅಜ್ಜಿಯರನ್ನು ದಿನಕ್ಕಷ್ಟು ಹೊತ್ತು ಅಂಗಳದ ಹಿತವಾದ ಬಿಸಿಲಿಗೆ ಕರೆದೊಯ್ಯುವುದನ್ನು ಮರೆಯದಿರಲಿ.