ಕಾರಿಗೆ ಅಭ್ಯಂಜನ, ಜೇಬಿಗೆ ಐದು ಸಾವಿರ ದಂಡ!

ಭಾನುವಾರ ಬೆಳಗಾದರೆ ಸಾಕು, ಬಡಾವಣೆಗಳಲ್ಲಿ ಕಾರುಗಳಿಗೆ ಅಭ್ಯಂಜನ ಶುರು. ಯಜಮಾನರು ಒಂದು ಕೈಲಿ ಪೈಪು, ಇನ್ನೊಂದು ಕೈಲಿ ಮೊಬೈಲು ಹಿಡಿದು ಮಾತಾಡ್ತಾ ನಿಂತರೆ, ನೀರು ಗೇಟು ದಾಟಿ, ಎದುರು ಮನೆ ರಂಗೋಲಿ ಅಳಿಸಿ ಮೋರಿ ಸೇರುತ್ತದೆ. ಕೇಳೋರು ಯಾರು?

ಬೆಂಗಳೂರಿನಲ್ಲಿ ಕೇಳೋರು ಬಂದರು. 2023ರ ಮಳೆ ಕೈಕೊಟ್ಟು ಸಾವಿರಾರು ಕೊಳವೆಬಾವಿ ಬತ್ತಿದ ಮೇಲೆ, 2024ರ ಮಾರ್ಚ್‌ನಲ್ಲಿ ಜಲಮಂಡಳಿ ಆದೇಶ ಹೊರಡಿಸಿತು: ಕುಡಿಯುವ ನೀರಿನಲ್ಲಿ ವಾಹನ ತೊಳೆಯುವಂತಿಲ್ಲ. ತೊಳೆದರೆ 5,000 ರೂಪಾಯಿ ದಂಡ. ಮತ್ತೆ ಅದೇ ಚಾಳಿ ಅಂದರೆ ದಿನಕ್ಕೆ 500 ರೂಪಾಯಿ ಮೇಲೆ. ಆ ತಿಂಗಳೊಳಗೇ 22 ಮನೆಯವರು ಸಿಕ್ಕಿಬಿದ್ದು 1 ಲಕ್ಷ 10 ಸಾವಿರ ಕಕ್ಕಿದರು. 2025ರ ಫೆಬ್ರವರಿಯಲ್ಲಿ ಅದೇ ಆದೇಶ ಇನ್ನೊಮ್ಮೆ ಬಂತು. ಅಂದರೆ ಪೈಪು ಹಿಡಿದ ಕೈ ಅಷ್ಟು ಸುಲಭಕ್ಕೆ ಬಿಡಲಿಲ್ಲ ಅಂತಾಯ್ತು.

ಬೆಂಗಳೂರಿನವರ ಪಾಡು ಮಂಡ್ಯದವರಿಗ್ಯಾಕೆ ಅನ್ನಬೇಡಿ. ಆ ಕಾವೇರಿ ನೀರು ಹೊರಡುವುದೇ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಅಲ್ಲಿ ಶುದ್ಧಿಯಾಗಿ, ಆಮೇಲೆ ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಪಂಪು ಹೊಡೆಸಿಕೊಂಡು, ಸುಮಾರು 100 ಕಿ.ಮೀ. ದೂರ, ಹತ್ತಿರಹತ್ತಿರ ಅರ್ಧ ಕಿ.ಮೀ. ಎತ್ತರ ಏರಿ ಹೋಗಬೇಕು. ಒಂದೊಂದು ಬಕೆಟ್ಟಿಗೂ ಕರೆಂಟು ಸುಡುತ್ತೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತವೊಂದೇ ದಿನಕ್ಕೆ 77.5 ಕೋಟಿ ಲೀಟರಿನದು. ಕೊನೆ ಭಾಗದ ನಾಲೆಗೆ ನೀರಿಲ್ಲ ಅಂತ ಗದ್ದೆ ಬದುವಿನ ಮೇಲೆ ಕೂತ ರೈತ ಇದನ್ನು ಕೇಳಿದರೆ ಏನಂದಾನು?

ಲೆಕ್ಕ ಹಾಕಿ ನೋಡಿ. ಅರ್ಧ ಇಂಚಿನ ನಲ್ಲಿ ಪೂರ್ತಿ ಬಿಟ್ಟರೆ ನಿಮಿಷಕ್ಕೆ 10ರಿಂದ 15 ಲೀಟರ್. ಕಾಲು ಗಂಟೆ ಪೈಪು ಹಿಡಿದರೆ 150 ಲೀಟರ್ ಮೇಲೇ ಹೋಯ್ತು. ಜಲ ಜೀವನ್ ಯೋಜನೆ ಹಳ್ಳಿಯ ಒಬ್ಬನಿಗೆ ಇಟ್ಟಿರೋದು ದಿನಕ್ಕೆ 55 ಲೀಟರ್. ಮೂರ್ನಾಲ್ಕು ಜನರ ಪಾಲು ಒಂದು ಕಾರಿನ ಬೆನ್ನ ಮೇಲೆ!

ಹಾಗಂತ ಕಾರು ಧೂಳು ಹಿಡಿಸಿಕೊಂಡು ನಿಲ್ಲಬೇಕಾಗಿಲ್ಲ. ಟ್ಯಾಕ್ಸಿ ಸ್ಟ್ಯಾಂಡಿನ ಡ್ರೈವರುಗಳನ್ನು ನೋಡಿ. ಎರಡು ಬಕೆಟ್, ಎರಡು ಬಟ್ಟೆ, ಮುಗೀತು. ಒಂದು ಬಕೆಟ್ಟಿನಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ನೆರಳಲ್ಲಿ ನಿಲ್ಲಿಸಿ, ಮೊದಲು ಚೊಂಬಿನಲ್ಲಿ ನೀರು ಬಿಟ್ಟು ಧೂಳು ನೆನೆಸಬೇಕು. ಒಣ ಧೂಳಿನ ಮೇಲೇ ಬಟ್ಟೆ ಎಳೆದರೆ ಪೇಂಟಿಗೆ ಗೀರು ಗ್ಯಾರಂಟಿ. ಟಾಪಿನಿಂದ ಕೆಳಕ್ಕೆ ಬನ್ನಿ, ಚಕ್ರ ಕೊನೆಗೆ, ಅದಕ್ಕೆ ಬೇರೆ ಬಟ್ಟೆ. ಹಕ್ಕಿ ಹಿಕ್ಕೆ ಒಣಗಿದ್ದರೆ ಉಗುರು ಹಾಕಬೇಡಿ, ಒದ್ದೆ ಬಟ್ಟೆ ಹತ್ತು ನಿಮಿಷ ಹೊದಿಸಿಡಿ, ತಾನೇ ಬಿಡುತ್ತೆ. ಬಟ್ಟೆ ಒಗೆಯೋ ಪುಡಿ ಬೇಡ, ಪಾಲಿಶು ತಿಂದುಬಿಡುತ್ತೆ.

ಫಿಲ್ಟರ್ ಮೆಷಿನ್ನಿನಿಂದ ಹೊರಬೀಳೋ ನೀರು ಹಿಡಿದಿಟ್ಟು ತೊಳೆಯೋರಿದ್ದಾರೆ. ಒಳ್ಳೇದೇ. ಆದರೆ ಅದರಲ್ಲಿ ಲವಣ ಜಾಸ್ತಿ, ಹಾಗೇ ಒಣಗಲು ಬಿಟ್ಟರೆ ಬೋರ್‌ವೆಲ್ ನೀರಿನ ಹಾಗೆ ಬಿಳಿ ಚುಕ್ಕೆ ಕೂರುತ್ತೆ, ಕೂಡಲೇ ಒರೆಸಬೇಕು. ಚಕ್ರಕ್ಕೂ ಅಂಗಳಕ್ಕೂ ಅದು ಸಾಕು. ಏಸಿ ಪೈಪಿನಿಂದ ತೊಟ್ಟಿಕ್ಕುವ ನೀರು ಮಾತ್ರ ಬಲು ಮೆತ್ತಗಿನದು, ಗಾಜು ಒರೆಸಲಿಕ್ಕೆ ಹೇಳಿ ಮಾಡಿಸಿದ್ದು. ಏಸಿ ಇರೋ ಅಂಗಡಿಯವರು ಅದರ ಕೆಳಗೆ ಒಂದು ಬಕೆಟ್ ಇಟ್ಟರೆ ಬೇಸಿಗೆಯಲ್ಲಿ ದಿನಾ ಪುಕ್ಕಟೆ ಸಿಗುತ್ತೆ.